ಹಳದಿ ಕಾರಿನ ಬ್ರೇಕು

ನೆಗ್ಗಿದ ಬಾಗಿಲು, ಜಜ್ಜಿಹೋದ ಬಾನೆಟ್ಟು ಏನೇ ತಂದರೂ ಸಂಜೆಯೊಳಗೆ ಸಪಾಟು ಮಾಡಿ ಕೊಡುತ್ತಿದ್ದರಿಂದ ಎಲ್ಲರ ಬಾಯಲ್ಲೂ ಅವನು ತಗಡಣ್ಣ. ಹೆಂಡತಿ ಕೂಡ ಸಿಟ್ಟು ನೆತ್ತಿಗೇರಿದಾಗ ಮಾತ್ರ ಅವನ ಸ್ವಂತ ಹೆಸರು ಹಿಡಿಯುತ್ತಿದ್ದಳು. ಗ್ಯಾರೇಜಿನ ಹಿಂದೆ ಉದ್ದನೆಯ ಶೀಟಿನ ಶೆಡ್ಡು. ಅಲ್ಲಿ ಐದು ಗಾಡಿಗಳು. ಎಲ್ಲವೂ ಸಿನಿಮಾದಲ್ಲೋ ಟೀವಿಯಲ್ಲೋ ಮೆರೆದು, ಆಮೇಲೆ ಯಾರಿಗೂ ಬೇಡವಾದವು. ಮೊದಲು ಬಂದದ್ದು ಮಕ್ಕಳ ಧಾರಾವಾಹಿಯೊಂದರ ಹಸಿರು ವ್ಯಾನು. ಶೂಟಿಂಗ್ ಕಾಲದಲ್ಲಿ ಅದರ ಡೆಂಟು ತೆಗೆದವನು ಅವನೇ. ಮುಂದೊಂದು ದಿನ ಗುಜರಿ ಅಂಗಡಿಯೆದುರು ಅದು ಬಾಗಿಲೇ ಇಲ್ಲದೆ ನಿಂತಿದ್ದು ಅವನ ಕಣ್ಣಿಗೆ ಬಿತ್ತು. ಎಳೆದುಕೊಂಡು ಬಂದ. ಹುಚ್ಚು ಹತ್ತಿದ್ದು ಅಲ್ಲಿಂದ. ಪಕ್ಕದ ಕೋಣೆಯಲ್ಲಿ ಸೀಟ್ ಕವರ್ ಹೊಲಿಯುವ ಹೆಂಡತಿ, ಈ ಮನೆಯಲ್ಲಿ ಸಿನಿಮಾದಲ್ಲಿ ಪಾರ್ಟು ಮಾಡದೆ ಉಳಿದವಳು ತಾನೊಬ್ಬಳೇ ಎಂದು ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದಳು.

ಐದರಲ್ಲಿ ಹೆಚ್ಚು ಹೆಸರಾದದ್ದು ಹಳದಿ ಕಾರು. ಅದು ಗಿರ್ರನೆ ತಿರುಗಿ ನಿಲ್ಲುವ ದೃಶ್ಯವನ್ನು ನೋಡದವರೇ ಇರಲಿಲ್ಲ. ಶನಿವಾರ ಬಂತೆಂದರೆ ಜನ ಮಕ್ಕಳುಮರಿ ಕಟ್ಟಿಕೊಂಡು ಬಂದು ಅದರ ಪಕ್ಕ ನಿಂತು ಫೋಟೋ ಹೊಡೆಸಿಕೊಳ್ಳುತ್ತಿದ್ದರು.

ಒಂದು ದಿನ ಮಧ್ಯಾಹ್ನ ಫೋನು ಬಂತು. ಆ ಕಡೆ ಒಬ್ಬ ಹೆಂಗಸು. ಓಡುವ ದೃಶ್ಯಗಳಲ್ಲೆಲ್ಲ ಆ ಕಾರು ಓಡಿಸಿದ್ದು ನಾಯಕನಲ್ಲ, ತನ್ನ ತಂದೆ ಎಂದಳು. ಇಪ್ಪತ್ತು ವರ್ಷದ ಹಿಂದೆ ಕೊನೆಯ ದಿನದ ಶೂಟಿಂಗ್‌ನಲ್ಲಿ ಕಾರು ನಿಲ್ಲಬೇಕಾದಲ್ಲಿ ನಿಲ್ಲದೆ ಗೋಡೆಗೆ ಗುದ್ದಿತ್ತು. ಅವರ ಬಲಗಾಲು ಮೊಣಕಾಲಿನ ಕೆಳಗೆ ಹೋಯಿತು. ಡ್ರೈವರು ಕುಡಿದಿದ್ದ ಎಂದು ಸಿನಿಮಾ ಕಂಪನಿಯವರು ಬರೆದು ಕೈ ತೊಳೆದುಕೊಂಡರು. ಆಮೇಲೆ ಯಾರೂ ಅವರನ್ನು ಕೆಲಸಕ್ಕೆ ಕರೆಯಲಿಲ್ಲ. ಬ್ರೇಕು ಹಿಂದೆ ಮಾತ್ರ ಹಿಡಿಯಿತು, ಮುಂದೆ ಹಿಡಿಯಲೇ ಇಲ್ಲ ಎಂದು ಅಪ್ಪ ಇಂದಿಗೂ ಹೇಳುತ್ತಾರೆ. ಕಾರು ಇನ್ನೂ ಇದೆಯೆಂದು ಅವಳಿಗೆ ತಿಳಿದದ್ದೇ ಮೊನ್ನೆ, ಪೇಪರಿನ ಫೋಟೋ ನೋಡಿ.

"ನಾಲ್ಕು ಗಂಟೆಗೆ ಅಪ್ಪನ್ನ ಕರ್ಕೊಂಡು ಬರ್ತೀನಿ ಸಾರ್. ಮುಂದಿನ ವೀಲು ಬಿಚ್ಚಿ ಒಂದ್ಸಲ ನೋಡ್ಬಹುದಾ?"

ಆಗಲಮ್ಮ ಎಂದು ತಗಡಣ್ಣ ಫೋನಿಟ್ಟ.

ಆ ಚಕ್ರದ ಹಿಂದೆ ಏನಿದೆಯೆಂದು ಅವನಿಗೆ ಗೊತ್ತಿತ್ತು. ಒಂಬತ್ತು ವರ್ಷದ ಹಿಂದೆ ಕಾರು ತಂದು ಮರದ ದಿಮ್ಮಿಗಳ ಮೇಲೆ ಕೂರಿಸುವಾಗ ಬಿಚ್ಚಿ ನೋಡಿದ್ದ. ಮುಂದಿನ ಎರಡೂ ಬ್ರೇಕ್ ಪೈಪುಗಳನ್ನು ಕಳಚಿ, ಬಾಯಿಗೆ ಬೋಲ್ಟು ಜಡಿದು ಮುಚ್ಚಿದ್ದರು. ಬ್ರೇಕು ಒತ್ತಿದಾಗ ಹಿಂದಿನ ಚಕ್ರ ಮಾತ್ರ ಹಿಡಿದು ಕಾರು ಗಿರ್ರನೆ ತಿರುಗಲಿ ಅಂತ ಮಾಡಿದ ಕೆಲಸ. ಆ ಶಾಟು ಮುಗಿದ ಮೇಲೆ ಪೈಪನ್ನು ಮೊದಲಿನಂತೆ ಜೋಡಿಸಬೇಕಿತ್ತು, ಯಾರೂ ಜೋಡಿಸಿರಲಿಲ್ಲ. ಯಾರಿಗೋ ಪೆಟ್ಟಾಗಿತ್ತಂತೆ ಎಂಬ ಮಾತು ಅವನ ಕಿವಿಗೂ ಬಿದ್ದಿತ್ತು. ಬಾಯಿಬಿಟ್ಟರೆ ಕಾರು ಕೈತಪ್ಪುತ್ತದೆ ಎಂದು ಹೆದರಿ, ನೋಡಿಯೂ ನೋಡದವನಂತೆ ಚಕ್ರ ಕೂರಿಸಿ ನಟ್ಟು ಬಿಗಿದಿದ್ದ.

ಎರಡು ಗಂಟೆಗೆ ಶೆಡ್ಡಿನ ಬಾಗಿಲು ಮುಂದೆ ಮಾಡಿ ಬಲಗಡೆಯ ಚಕ್ರ ಬಿಚ್ಚಿದ. ಬೋಲ್ಟು ತೆಗೆದು ಪೈಪು ಸೇರಿಸಲು ಕಾಲು ಗಂಟೆ ಸಾಕು. ಸ್ಪ್ಯಾನರು ಹಾಕಿ ಮೈಭಾರವೆಲ್ಲ ಬಿಟ್ಟ. ತುಕ್ಕು ಕಚ್ಚಿ ಹಿಡಿದಿತ್ತು. ಇನ್ನೊಮ್ಮೆ ಒತ್ತಿದಾಗ ಕಿರ್ರೆಂದು ಕೂದಲೆಳೆಯಷ್ಟು ಅಲುಗಿತು. ಅಷ್ಟರಲ್ಲಿ ಬಾಗಿಲು ಸರಿಯಿತು. ಅಳತೆ ಟೇಪು ಹುಡುಕಿಕೊಂಡು ಹೆಂಡತಿ ಬಂದಿದ್ದಳು.

ಬೆವರುತ್ತಿದ್ದವನನ್ನು ಕಂಡು ಏನಾಯಿತೆಂದು ಕೇಳಿದಳು. ಮುಚ್ಚಿಡಲಾಗದೆ ಎಲ್ಲ ಹೇಳಿಬಿಟ್ಟ. ಅವಳು ಅವನ ಸ್ವಂತ ಹೆಸರು ಹಿಡಿದು ಕರೆದಳು.

"ಇಷ್ಟು ವರ್ಷ ಸುಮ್ನಿದ್ರಿ, ಭಯ ಅಂದ್ಕೋತೀನಿ. ಈಗ ಮಾಡ್ತಿರೋದಕ್ಕೆ ಏನನ್ಲಿ?"

ಅವನು ಸ್ಪ್ಯಾನರು ಕೆಳಗಿಟ್ಟ. ಆದರೆ ಬೋಲ್ಟಿನ ಎರಡು ಮೂಲೆಗಳಲ್ಲಿ ತುಕ್ಕು ಉದುರಿ ಕಬ್ಬಿಣ ಹೊಳೆಯುತ್ತಿತ್ತು. ನಾಲ್ಕು ಗಂಟೆಯವರೆಗೂ ಆ ಹೊಳಪನ್ನೇ ನೋಡುತ್ತ ಕೂತ.

ಹೇಳಿದ ಹೊತ್ತಿಗೆ ಅಪ್ಪ, ಮಗಳು ಬಂದರು. ಅರವತ್ತರ ಆಸುಪಾಸಿನ ಮನುಷ್ಯ, ಇಸ್ತ್ರಿ ಮಾಡಿದ ಶರ್ಟು, ಒಂದು ಕಂಕುಳಲ್ಲಿ ಊರುಗೋಲು. ಕಾರಿನ ಅಂದಚಂದದ ಕಡೆ ಅವರು ಕಣ್ಣೆತ್ತಿಯೂ ನೋಡಲಿಲ್ಲ. ಚಕ್ರ ಬಿಚ್ಚಿದ ಜಾಗದೆದುರು ಸ್ಟೂಲು ಎಳೆದು ಕೂತು, ಮಗಳು ಹಿಡಿದ ಟಾರ್ಚಿನ ಬೆಳಕಿನಲ್ಲಿ ಬಗ್ಗಿ ನೋಡಿದರು. ಕೊನೆಗೆ ಬೋಲ್ಟಿನ ಮೇಲೆ ಬೆರಳಿಟ್ಟರು.

"ಇದಕ್ಕೆ ಇವತ್ತು ಯಾರೋ ಸ್ಪ್ಯಾನರ್ ಹಾಕಿದಾರೆ."

ಒರೆಸಿ ಸ್ವಚ್ಛ ಮಾಡಿದೆ ಎಂದುಬಿಡಬಹುದಿತ್ತು. ಆ ಮಾತು ನಾಲಿಗೆಯ ತುದಿಗೂ ಬಂದಿತ್ತು. ಬಾಗಿಲಲ್ಲಿ ಹೆಂಡತಿ ನಿಂತಿದ್ದಳು.

"ನಾನೇ ಹಾಕ್ದೆ," ಎಂದ ತಗಡಣ್ಣ. "ನೀವು ಬರೋದ್ರೊಳಗೆ ಪೈಪು ಜೋಡಿಸಿಬಿಡೋಣ ಅಂತ. ಇದು ಹೀಗಿದೆ ಅಂತ ನಂಗೆ ಒಂಬತ್ತು ವರ್ಷದಿಂದ ಗೊತ್ತು."

ಮಗಳು ಬೆಳಕನ್ನು ಬೋಲ್ಟಿನಿಂದ ತಗಡಣ್ಣನ ಮುಖಕ್ಕೆ ತಿರುಗಿಸಿದಳು. ಅವಳು ದನಿ ಏರಿಸಲಿಲ್ಲ.

"ನಮ್ಮಮ್ಮ ಹೋಗಿ ಮೂರು ವರ್ಷ ಆಯ್ತು. ಅಪ್ಪ ಅವತ್ತು ಕುಡಿದಿದ್ರು ಅಂತ್ಲೇ ಕೊನೇವರೆಗೂ ನಂಬಿದ್ಲು."

ತಗಡಣ್ಣ ತಲೆ ತಗ್ಗಿಸಿದ. ಅಪ್ಪ ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಎಡಗಡೆಯದನ್ನೂ ಬಿಚ್ಚಲು ಹೇಳಿದರು. ಬಿಚ್ಚಿದ. ಅಲ್ಲಿಯೂ ಅದೇ ಬೋಲ್ಟು, ಮೇಲಿನ ತುಕ್ಕು ಚೂರೂ ಕದಲಿರಲಿಲ್ಲ. ಅದನ್ನು ಕಂಡ ಮೇಲೆ ಅವರು ಒಮ್ಮೆ ಕಣ್ಣು ಮುಚ್ಚಿ ತೆರೆದರು. ಹೇಳಿದ್ದನ್ನೆಲ್ಲ ಬರೆದುಕೊಡಿ, ಒಂಬತ್ತು ವರ್ಷದ ಮಾತನ್ನೂ ಸೇರಿಸಿ ಎಂದರು. ಹೆಂಡತಿ ಅಳತೆ ಬರೆಯುವ ಪುಸ್ತಕದಿಂದ ಹಾಳೆ ಹರಿದು ಕೊಟ್ಟಳು. ಸುತ್ತಿಗೆ ಹಿಡಿದು ಗಟ್ಟಿಯಾದ ಕೈ ಆ ನಾಲ್ಕು ಸಾಲು ಬರೆಯುವಷ್ಟರಲ್ಲಿ ಮೂರು ಸಲ ನಿಂತಿತು.

ಆಮೇಲೆ ಸ್ಟಂಟ್ ಕಲಾವಿದರ ಸಂಘದವರು ಬಂದು ನೋಡಿ ಫೋಟೋ ತೆಗೆದುಕೊಂಡರು. ಆ ಕಂಪನಿ ಮುಚ್ಚಿ ಎಷ್ಟೋ ಕಾಲವಾಗಿತ್ತು. ಪೈಪು ಮುಚ್ಚಿದ ಮೆಕ್ಯಾನಿಕ್ ಎಲ್ಲಿದ್ದಾನೋ ಯಾರಿಗೂ ತಿಳಿಯಲಿಲ್ಲ. ಸಂಘದ ಸಭೆಯಲ್ಲಿ ತಗಡಣ್ಣನ ಕಾಗದ ಓದಿ, ಡ್ರೈವರದು ತಪ್ಪಿಲ್ಲವೆಂದು ಬರೆದುಕೊಂಡರು. ಅಪ್ಪ ಆ ಸಭೆಗೆ ಹೋಗಿ ಮುಂದಿನ ಸಾಲಿನಲ್ಲೇ ಕೂತಿದ್ದರಂತೆ. ಮಗಳು ಮಾತ್ರ ತಗಡಣ್ಣನ ಜೊತೆ ಮತ್ತೆ ಮಾತಾಡಲಿಲ್ಲ.

ಕಾರನ್ನು ತಮ್ಮಲ್ಲೇ ಇಟ್ಟುಕೊಳ್ಳುತ್ತೇವೆ ಎಂದು ಸಂಘದವರು ಕೇಳಿದಾಗ ಅವನು ಬೇಡವೆನ್ನಲಿಲ್ಲ. ತಾನೇ ಲಾರಿಗೇರಿಸಿ ಹಗ್ಗ ಬಿಗಿದ. ಈಗ ಶನಿವಾರ ಬಂದವರು ಹಳದಿ ಕಾರೆಲ್ಲಿ ಎಂದು ಕೇಳುತ್ತಾರೆ. ತಗಡಣ್ಣ ತನ್ನ ಪಾಲಿನ ತಪ್ಪನ್ನೂ ಬಿಡದೆ ಹೇಳುತ್ತಾನೆ. ಕೆಲವರು ಪೂರ್ತಿ ಕೇಳಿಸಿಕೊಳ್ಳುತ್ತಾರೆ. ಕೆಲವರು ಮುಖ ಸಿಂಡರಿಸಿ, ಉಳಿದ ಗಾಡಿಗಳ ಫೋಟೋ ಕೂಡ ತೆಗೆಯದೆ ಹೊರಟುಹೋಗುತ್ತಾರೆ.