ಖಾಲಿ ಜಾಗದ ಸಾಕ್ಷಿ

ನಂಬುವುದು ನನ್ನ ಸ್ವಭಾವಕ್ಕೆ ಒಗ್ಗಿದ ಕೆಲಸವಲ್ಲ. ಪಂಚಾಂಗವನ್ನು ನಂಬದೆ ಮಗಳ ಮದುವೆ ಮಾಡಿದೆ; ವೈದ್ಯರನ್ನು ನಂಬದೆ ಸಕ್ಕರೆ ತಿಂದೆ. ಎರಡನೆಯದರ ಫಲವನ್ನು ಇನ್ನೂ ಉಣ್ಣುತ್ತಿದ್ದೇನೆ. ನಮ್ಮ ಶಹಾಪುರದ ಬೆಟ್ಟ ಮಲಗಿದ ಬುದ್ಧನಂತಿದೆ ಎಂದು ಹೊರಗಿನವರು ಬಸ್ಸಿನ ಕಿಟಕಿಯಿಂದಲೇ ಕೈಮುಗಿಯುತ್ತಾರೆ. ನನಗೆ ಅದು ಊಟ ಮುಗಿಸಿ ಅಡ್ಡಾದ ಗುಮಾಸ್ತನಂತೆಯೇ ಕಂಡಿದೆ. ಏಳನೆಯ ತರಗತಿಗೆ ಶಾಲೆ ಬಿಟ್ಟು, ನಲವತ್ತು ವರ್ಷ ಹೊಲಿಗೆ ಯಂತ್ರ ತುಳಿಯುತ್ತ, ರದ್ದಿ ಅಂಗಡಿಯ ಪುಸ್ತಕಗಳಿಂದ ವಿದ್ಯೆ ಕಲಿತವನಿಗೆ ಇಂಥ ಅಹಂಕಾರ ಸಹಜವೇ. ಎಲ್ಲವನ್ನೂ ಸಂಶಯಿಸಿದ ನಾನು ಸಂಶಯಿಸದೆ ಬಿಟ್ಟದ್ದು ನನ್ನ ಕಣ್ಣುಗಳನ್ನು ಮಾತ್ರ. ಆ ತಪ್ಪಿಗೆ ಬೆಲೆ ತೆತ್ತವಳು ಆಡು ಸಾಕಿ ಬದುಕುವ ಭೀಮವ್ವ.

ಈಚೆಗೆ ಪಟ್ಟಣಗಳಲ್ಲಿ ಪುಟ್ಟ ದಟ್ಟಡವಿ ಬೆಳೆಸುವ ಉತ್ಸಾಹ ಹಬ್ಬಿದೆ. ಜಪಾನಿನ ವಿಧಾನವಂತೆ. ನೆಲವನ್ನು ಆಳಕ್ಕೆ ಅಗೆದು, ಗೊಬ್ಬರ ಬೆರೆಸಿ, ಆಯಾ ಸೀಮೆಯವೇ ಆದ ಸಸಿಗಳನ್ನು ಒತ್ತೊತ್ತಾಗಿ ನೆಟ್ಟರೆ, ಬೆಳಕಿಗಾಗಿ ಒಂದನ್ನೊಂದು ನೂಕುತ್ತ ಬೇಗ ಮೇಲೇರುತ್ತವೆ. ನೂಕಿ ಮೇಲೇರುವ ವಿದ್ಯೆಯನ್ನು ಪಟ್ಟಣದವರು ಜಪಾನಿನಿಂದ ತರಿಸಬೇಕಿತ್ತೇ ಎಂದು ನಕ್ಕವನು ನಾನು. ಆದರೆ ನಮ್ಮ ಬಡಾವಣೆಯ ಯುವಕರ ಬಳಗದ ಮುಂದಾಳು ಮಹಾಂತೇಶ ಮನೆಗೇ ಬಂದು, “ಇಲ್ಲಿನ ಗಿಡದ ಪಟ್ಟಿ ನೀವೇ ಬರದು ಕೊಡಬೇಕ್ರಿ ಮಾಸ್ತರ್, ನಿಮ್ಮಷ್ಟು ಓದಿದವರು ಯಾರದಾರ?” ಎಂದಾಗ ಬೆಣ್ಣೆಯಂತೆ ಕರಗಿದೆ. ನಮ್ಮಲ್ಲಿ ದರ್ಜಿಯನ್ನೂ ಮಾಸ್ತರ್ ಎಂದೇ ಕರೆಯುತ್ತಾರೆಂಬುದು ಆ ಕ್ಷಣಕ್ಕೆ ಮರೆತುಹೋಯಿತು. ಬಾರಿ, ಕಾರಿ, ಕವಳಿ, ಬನ್ನಿ ಎಂದು ನಮ್ಮ ಸೀಮೆಯ ಗಿಡಗಳ ಹೆಸರುಗಳಿಂದ ನಾಲ್ಕು ಹಾಳೆ ತುಂಬಿಸಿದೆ. ಬಡಾವಣೆಯ ಹಿಂದಿನ ಬಯಲಿಗೆ ಹೋಗಿ ದೂರದಿಂದಲೇ ಕಣ್ಣಾಡಿಸಿ, ‘ಜಾಗ ಖಾಲಿ ಇದೆ; ಮೊಳಕಾಲೆತ್ತರದ ಕುರುಚಲು ಕಂಟಿಗಳಲ್ಲದೆ ಏನೂ ಇಲ್ಲ’ ಎಂದು ಬರೆದು ಸಹಿಯನ್ನೂ ಹಾಕಿದೆ.

ನೆಲ ಅಗೆಯುವ ಯಂತ್ರ ಬಂದ ದಿನ ಅದರ ಮುಂದೆ ಭೀಮವ್ವ ತನ್ನ ಒಂಬತ್ತು ಆಡುಗಳೊಂದಿಗೆ ನಿಂತಿದ್ದಳು. ಬೇಸಿಗೆಯಲ್ಲಿ ಅವಳ ಆಡುಗಳಿಗೆ ಹಸಿರೆಂಬುದು ಸಿಗುತ್ತಿದ್ದುದು ಆ ಬಯಲಿನಲ್ಲಿ ಮಾತ್ರ.

“ಮಾಸ್ತರ್ರೀ, ಗಿಡ ಹಚ್ಚಾಕ ಗಿಡ ಯಾಕ ಕೀಳಾಕತ್ತೀರಿ?”

“ಇವು ಗಿಡ ಅಲ್ಲವ್ವಾ, ಕಂಟಿ.”

“ಯಾಕ ಕಂಟಿ ಆಗ್ಯಾವ ಕೇಳ್ರಿ. ನನ್ನ ಆಡು ತಿಂದು ತಿಂದು ಗಿಡ್ಡ ಮಾಡ್ಯಾವ. ಎರಡು ವರ್ಷ ಬಾಯಿ ಹಚ್ಚದಂಗ ಬಿಡ್ರಿ, ನಿಮ್ಮ ತೆಲಿ ದಾಟಿ ಹೋಗ್ತಾವ.”

ಪುಸ್ತಕದಲ್ಲಿ ಇಲ್ಲದ ಮಾತು. ನಾನು ಯಂತ್ರದವನಿಗೆ ಕೈಸನ್ನೆ ಮಾಡಿದೆ.

ಮೊದಲ ಬಾಚಿಗೇ ಮೇಲೆ ಬಂದ ಬೇರು ನನ್ನ ಮುಂಗೈಗಿಂತ ದಪ್ಪವಾಗಿತ್ತು. ಎಲೆ ಕಿತ್ತು ತಿರುವಿ ನೋಡಿದೆ: ಮೇಲೆ ಹಸಿರು, ಕೆಳಗೆ ಬೂದಿಬಣ್ಣದ ನವಿರು, ಬುಡದಲ್ಲಿ ಕೊಕ್ಕೆಯಂಥ ಮುಳ್ಳು. ಬಾರಿ. ನನ್ನ ಪಟ್ಟಿಯ ಮೊದಲನೆಯ ಹೆಸರು. ಅದರ ಪಕ್ಕದಲ್ಲಿ ಉರುಳಿದ್ದು ಎರಡನೆಯದು. ಆಗಲೇ ತಡೆಯಲು ಕೈಯೆತ್ತಿದ್ದರೆ ಹೆಚ್ಚುಕಡಿಮೆ ಇಡೀ ಬಯಲು ಉಳಿಯುತ್ತಿತ್ತು. ಆದರೆ ‘ಖಾಲಿ ಇದೆ’ ಎಂದ ಹಾಳೆಯ ಕೆಳಗೆ ನನ್ನ ಸಹಿಯಿತ್ತು, ಸುತ್ತ ಹುಡುಗರಿದ್ದರು, ಎದುರಿಗೆ ಓದು ಬಾರದ ಹೆಂಗಸಿದ್ದಳು. ನಾನು ಎಲೆಯನ್ನು ಜೇಬಿಗೆ ಹಾಕಿಕೊಂಡೆ.

ಅಡವಿ ಬೆಳೆಯಿತು, ಸುಳ್ಳೇಕೆ ಹೇಳಲಿ, ಚೆನ್ನಾಗಿಯೇ ಬೆಳೆಯಿತು. ಯಾದಗಿರಿ, ಸುರಪುರಗಳಿಂದ ಜನ ಬಂದು ನೋಡಿ ಹೋದರು. ಸುತ್ತ ತಂತಿಬೇಲಿ, ಬಾಗಿಲಿಗೆ ಬೀಗ, ಮೇಲೆ ‘ಮರಳಿ ಬಂದ ಅಡವಿ’ ಎಂಬ ಫಲಕ. ಮೊದಲಿದ್ದ ಅಡವಿಯನ್ನು ಹೊರಗೆ ಕಳಿಸಿದವರು ಯಾರೆಂಬುದನ್ನು ಫಲಕ ಹೇಳುವುದಿಲ್ಲ. ಮೊದಲ ಬೇಸಿಗೆಗೆ ಭೀಮವ್ವ ನಾಲ್ಕು ಆಡು ಮಾರಿದಳು, ಎರಡನೆಯದಕ್ಕೆ ಎರಡು.

ಮೊನ್ನೆ ಅಡವಿಯ ಎರಡನೆಯ ವರ್ಷದ ಸಮಾರಂಭದಲ್ಲಿ ನನಗೆ ಶಾಲು ಹೊದಿಸಿದರು. ಇನ್ನು ತಡೆಯಲಾಗದೆ ಮೈಕಿನ ಮುಂದೆ ಎಲ್ಲವನ್ನೂ ಹೇಳಿಬಿಟ್ಟೆ: ಜಾಗ ಖಾಲಿ ಇರಲಿಲ್ಲ, ನನ್ನ ಪಟ್ಟಿಯ ಗಿಡಗಳೇ ಅಲ್ಲಿದ್ದವು, ತಿಳಿದ ಮೇಲೂ ಬಾಯಿ ಮುಚ್ಚಿಕೊಂಡಿದ್ದೆ, ಬೇಸಿಗೆಯಲ್ಲಾದರೂ ಭೀಮವ್ವನಿಗೆ ಬೀಗ ತೆಗೆಯಿರಿ. ಸಭೆಯಲ್ಲಿ ಜೋರು ಚಪ್ಪಾಳೆ. “ದೊಡ್ಡವರ ದೊಡ್ಡತನ ಅಂದ್ರ ಇದು ನೋಡ್ರಿ!” ಎಂದ ಮಹಾಂತೇಶ. ಬೀಗದ ಮಾತು ಚಪ್ಪಾಳೆಯಲ್ಲಿ ಮುಳುಗಿತು. ತಪ್ಪೊಪ್ಪಿಗೆಯನ್ನೂ ಸದ್ಗುಣವನ್ನಾಗಿ ಮಾಡಿ ಮರಳಿ ನಮ್ಮ ಕೊರಳಿಗೇ ಹಾಕುವ ಜನರ ನಡುವೆ ಪ್ರಾಮಾಣಿಕನಾಗುವುದು ಬಹಳ ಕಷ್ಟ.

ಮರುದಿನ ಬೆಳಗ್ಗೆ ಕುಡುಗೋಲು ಹಿಡಿದು ಹೋಗಿ, ಬೇಲಿಯ ಹೊರಗೆ ಚಾಚಿದ ಟೊಂಗೆಗಳನ್ನೆಲ್ಲ ಸವರಿ, ಹೊರೆ ಕಟ್ಟಿ ಭೀಮವ್ವನ ಅಂಗಳದಲ್ಲಿ ಇಳಿಸಿದೆ.

“ಏನ್ರಿ ಮಾಸ್ತರ್, ನಿನ್ನಿ ಶಾಲು, ಇವತ್ತು ಸೊಪ್ಪಿನ ಹೊರಿ?”

“ನಂದು ತಪ್ಪಾತು, ಭೀಮವ್ವಾ.”

“ನಿನ್ನಿ ಮೈಕಿನಾಗ ಕೇಳಿಸ್ತು ಬಿಡ್ರಿ. ಇವಕ್ಕೇನು ಮೈಕಿನ ಮಾತು ತಿಳೀತದ?”

ಉಳಿದ ಮೂರು ಆಡುಗಳು ನನ್ನ ಮುಖ ನೋಡದೆ ಸೊಪ್ಪಿಗೆ ಬಾಯಿ ಹಾಕಿದವು. ಎದೆಯ ಭಾರ ಇಳಿಯಿತೆಂದು ನಾನು ಹೊರಟೆ.

“ನಾಳಿ ಎಷ್ಟೊತ್ತಿಗೆ ತರ್ತೀರಿ?”

“ನಾಳೇನೂ?”

“ಮತ್ತ? ಇವೇನು ಸಮಾರಂಭ ಇದ್ದಾಗಷ್ಟ ತಿಂತಾವೇನ್ರಿ?”

ಪಶ್ಚಾತ್ತಾಪವೆಂದರೆ ಮನಸ್ಸಿನ ಒಂದು ಸ್ಥಿತಿ ಎಂದು ನನ್ನ ಪುಸ್ತಕಗಳು ಹೇಳಿದ್ದವು. ಅವನ್ನೂ ಈಗ ನಂಬುವುದಿಲ್ಲ. ಅದು ಬೆಳಗಿನ ಆರು ಗಂಟೆಗೆ ಏಳಬೇಕಾದ ಕೆಲಸ.