ಅಕ್ಕನ ಬಾಡಿಗೆ ಮನೆಯಲ್ಲಿ ನಾನು ಉಕ್ಕಿಸಿದ ಹಾಲು

ಅಕ್ಕನ ಮನೆಯ ಬೀಗ ತೆಗೆದು ಬೇರೆಯವರನ್ನು ಒಳಗೆ ಬಿಟ್ಟವಳು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ಸುತ್ತಿ ಬಳಸಿ ಬರೆಯಲು ನನಗೆ ಬರುವುದಿಲ್ಲ. ಬಂದಿದ್ದರೂ ಈ ವಿಷಯದಲ್ಲಿ ಹಾಗೆ ಬರೆಯಬಾರದು.

ಅಕ್ಕ ಚಿತ್ರದುರ್ಗದಲ್ಲಿ ಒಂಬತ್ತು ವರ್ಷದಿಂದ ಒಂದೇ ಬಾಡಿಗೆ ಮನೆಯಲ್ಲಿದ್ದಾಳೆ. ಒಂದು ಕೋಣೆ, ಅಡುಗೆಮನೆ, ಮುಂದೆ ಹೊಲಿಗೆ ಮಿಷನ್ ಇಡುವಷ್ಟು ಪಡಸಾಲೆ. ಭಾವ ತೀರಿಕೊಂಡ ಮೇಲೆ ಆ ಮಿಷನ್ನೇ ಅವಳಿಗೆ ಆಧಾರ. ಬ್ಲೌಸ್ ಹೊಲಿದೇ ಮಗಳನ್ನು ಓದಿಸಿ, ಹಿರಿಯೂರಿನಾಚೆ ಧರ್ಮಪುರಕ್ಕೆ ಮದುವೆ ಮಾಡಿ ಕೊಟ್ಟಳು. ಮನೆಯ ಮಾಲೀಕರು ಹೊಸದುರ್ಗದ ಕಡೆ ಮಾಡದಕೆರೆಯ ಹಿರಿಯರು, ಹೊಲ ಬಿಟ್ಟು ಪೇಟೆಗೆ ಬರುವವರಲ್ಲ. ಬಾಡಿಗೆ ವಸೂಲಿ, ನಲ್ಲಿ ರಿಪೇರಿ, ಹೊಸಬರನ್ನು ಹುಡುಕುವುದು ಎಲ್ಲವನ್ನೂ ಒಬ್ಬ ಬ್ರೋಕರ್‌ಗೆ ಒಪ್ಪಿಸಿದ್ದರು. ಹೊಸಬರು ಬಂದಾಗಲೆಲ್ಲ ಬ್ರೋಕರ್‌ಗೆ ಕಮಿಷನ್ ಸಿಗುತ್ತದೆ. ಒಂಬತ್ತು ವರ್ಷ ಕದಲದೆ ಕೂತವಳಿಂದ ಅವನಿಗೆ ಏನೂ ಸಿಗುವುದಿಲ್ಲ. ಇದು ನನಗೆ ಆಮೇಲೆ ಹೊಳೆದದ್ದು.

ಮಗಳ ಎರಡನೇ ಬಾಣಂತನಕ್ಕೆಂದು ಅಕ್ಕ ಧರ್ಮಪುರಕ್ಕೆ ಹೋದಳು. ನಾನು ಎರಡು ಬೀದಿ ಆಚೆ ಇದ್ದೇನೆ, ಬೆಳಿಗ್ಗೆ ಹೂವು ಮಾರುತ್ತೇನೆ. ನೀರು ಬಿಟ್ಟ ದಿನ ಹೋಗಿ ಡ್ರಮ್ ತುಂಬಿಸು ಎಂದು ಕೀ ನನ್ನ ಕೈಗೆ ಕೊಟ್ಟಿದ್ದಳು.

ಆಷಾಢಕ್ಕೆ ಎರಡು ದಿನ ಇರುವಾಗ ಬ್ರೋಕರ್ ನನ್ನ ಹೂವಿನ ಬುಟ್ಟಿಯ ಮುಂದೆ ಬಂದು ನಿಂತ.

"ಏನವ್ವ, ಹೂವ ಖಾಲಿ ಆಗಾಕೆ ಬಂತಲ್ಲ. ಒಂದು ಒಳ್ಳೆ ಕೆಲಸ ಐತೆ, ಬರ್ತೀರೇನು?"

"ಏನ್ ಕೆಲಸ?"

"ನಿಮ್ಮಕ್ಕನ ಮನೆಗೆ ಹೊಸ ಪಾರ್ಟಿ ಬಂದೈತೆ. ನಾಡಿದ್ದಿಂದ ಆಷಾಢ ಅಲ್ವ, ಅಷ್ಟರಾಗೆ ಹಾಲು ಉಕ್ಕಿಸ್ಬೇಕು ಅಂತಾರೆ. ಸಾಮಾನು ತರಾದು ಶ್ರಾವಣಕ್ಕೆ."

"ಅಕ್ಕ ಮನೆ ಬಿಡ್ತೀನಿ ಅಂತ ನನ್ನತ್ರ ಅಂದೇ ಇಲ್ವಲ್ಲ."

"ಎಲ್ಲಾ ಮಾತಾಗೈತೆ ಕಣವ್ವ. ಅವರಿಗೆ ಇದಕ್ಕಿಂತ ಚೆಂದಾಗಿರೋ ಮನೆ ನೋಡೀನಿ." ಆಮೇಲೆ ಸ್ವಲ್ಪ ಬಗ್ಗಿ ದನಿ ತಗ್ಗಿಸಿದ. "ಅಲ್ದೆ ಅವರು ಇರುವಾಗ ಈ ಕೆಲಸ ಮಾಡಾಕೆ ಆಗತೈತಾ? ಹೊಸ ಸಂಸಾರ. ನೀವು ಮುತ್ತೈದೆ, ನೀವೇ ನಿಂತು ಒಲೆ ಹಚ್ಚಿಕೊಡ್ರಿ."

ನಮ್ಮ ಕಡೆ ಆಷಾಢದಲ್ಲಿ ಯಾರೂ ಮನೆ ಬದಲಾಯಿಸುವುದಿಲ್ಲ. ಅದಕ್ಕೆ ಮುಂಚೆಯೇ ಖಾಲಿ ಮನೆಯಲ್ಲಿ ಹಾಲು ಉಕ್ಕಿಸಿಬಿಟ್ಟರೆ ಮನೆ ತಮ್ಮದಾಯಿತು ಎಂದು ಲೆಕ್ಕ, ಆಮೇಲೆ ನಿಧಾನವಾಗಿ ಬರುತ್ತಾರೆ. ಶುಭ ಕೆಲಸಕ್ಕೆ ಕರೆದರೆ ಒಲ್ಲೆ ಎನ್ನಬಾರದು ಎಂದು ಕೇಳಿ ಬೆಳೆದವಳು ನಾನು. ಆದರೆ ಅದು ಖಾಲಿ ಮನೆಯಾಗಿರಲಿಲ್ಲ. ಅಕ್ಕನಿಗೆ ಒಂದು ಫೋನ್ ಮಾಡಬಹುದಿತ್ತು. ಫೋನ್ ಸೊಂಟದಲ್ಲೇ ಇತ್ತು. ಮಾಡಲಿಲ್ಲ. ಮುತ್ತೈದೆ ಎಂದು ಒಬ್ಬರು ನನ್ನನ್ನು ಹುಡುಕಿಕೊಂಡು ಬಂದದ್ದು ನನಗೆ ಹಿತವಾಗಿತ್ತು. ಅಕ್ಕ ಇಲ್ಲದಿರುವಾಗಲೇ ಆಗಿಹೋದರೆ ಒಳ್ಳೆಯದು ಎಂಬ ಅವನ ಮಾತು ನನಗೂ ಸರಿ ಎನ್ನಿಸಿತ್ತು. ಬೀಗ ತೆಗೆದದ್ದಕ್ಕಿಂತ ಇದೇ ನನ್ನ ದೊಡ್ಡ ತಪ್ಪು.

ಮರುದಿನ ತುರುವನೂರಿನಿಂದ ಒಬ್ಬ ಹೆಣ್ಣುಮಗಳು, ಅವಳ ಗಂಡ ಬಂದಿದ್ದರು. ಮದುವೆಯಾಗಿ ವರ್ಷವೂ ಆಗಿರಲಿಲ್ಲ. ಗಂಡನಿಗೆ ಚಿತ್ರದುರ್ಗದಲ್ಲಿ ಕೆಲಸ ಸಿಕ್ಕಿತ್ತು. ನಾನು ಬೀಗ ತೆಗೆದು ಹೊಸ್ತಿಲಿಗೆ ಹೂವಿಟ್ಟೆ, ಅಕ್ಕನ ಗ್ಯಾಸ್ ಒಲೆಗೆ ಅರಿಶಿನ ಕುಂಕುಮ ಹಚ್ಚಿ ಉರಿ ಹೊತ್ತಿಸಿದೆ. ಹಾಲು ಉಕ್ಕಿತು. ಬ್ರೋಕರ್ ಫೋಟೊ ತೆಗೆದ. ಆ ಹೆಣ್ಣುಮಗಳು ಪಡಸಾಲೆ ಕಡೆ ನೋಡಿ, "ಈ ಮಿಷನ್ ಯಾರದು?" ಎಂದಳು.

"ಹಳೇರದು. ನಾಳೆ ನಾಡಿದ್ದು ಒಯ್ತಾರೆ," ಎಂದ ಬ್ರೋಕರ್.

ನಾನು ಅಲ್ಲೇ ನಿಂತಿದ್ದೆ. ನಮ್ಮಕ್ಕನದು ಎನ್ನದೆ, ಒಲೆಯ ಮೇಲೆ ಚೆಲ್ಲಿದ ಹಾಲು ಒರೆಸಿದೆ.

ಹೊರಗೆ ಬಂದ ಮೇಲೆ ಬೀಗ ತುಕ್ಕು ಹಿಡಿದಿದೆ ಎಂದು ಅವನೇ ಹೊಸ ಬೀಗ ಹಾಕಿದ. ಹಳೆಯದನ್ನು ನನ್ನ ಬುಟ್ಟಿಗೆ ಹಾಕಿದ. ಹೊಸ ಬೀಗದ ಕೀ ಮಾತ್ರ ಅವನ ಜೇಬಿಗೆ ಹೋಯಿತು. ನೀರು ತುಂಬಿಸಬೇಕಲ್ಲ, ನನಗೊಂದು ಕೊಡಿ ಎಂದರೆ, ನೀರು ಬಂದಾಗ ನಾನೇ ತೆಗೆದುಕೊಡುತ್ತೇನೆ ಎಂದ. ಏನೋ ಸರಿಯಿಲ್ಲ ಎಂದು ಆಗಲೇ ಅನ್ನಿಸಿತು. ಹಳೆಯ ಬೀಗವನ್ನು ಮನೆಗೆ ತಂದು ಹೂವಿನ ಒದ್ದೆ ಬಟ್ಟೆಯಲ್ಲಿ ಸುತ್ತಿ ಮಂಚದ ಕೆಳಗೆ ತಳ್ಳಿದೆ.

ಹತ್ತು ದಿನ ಬಿಟ್ಟು ಅಕ್ಕ ಬಂದಳು. ಬಾಗಿಲಲ್ಲಿ ನಿಂತೇ ಫೋನ್ ಮಾಡಿದಳು.

"ಲೇ, ಇದು ಯಾರ ಬೀಗ ಐತೆ ನಮ್ಮನೆಗೆ?"

"ನಂಗೆ ಗೊತ್ತಿಲ್ಲ ಕಣಕ್ಕ. ಬ್ರೋಕರ್ರೇ ಹಳೇದು ಮುರಿದು ಇದನ್ನ ಹಾಕಿರಬೇಕು," ಎಂದೆ. ಸುಳ್ಳು ಅಷ್ಟು ಬೇಗ ಬಂತು.

ಬ್ರೋಕರ್ ಬಂದು ಒಂದು ಹಾಳೆ ಚಾಚಿದ. ಕರಾರು ಬರೆದದ್ದು ಹನ್ನೊಂದು ತಿಂಗಳಿಗೆ, ಅದು ಎಂದೋ ಮುಗಿದಿದೆ, ನೀವಾಗಿಯೇ ಮನೆ ಬಿಟ್ಟಿದ್ದೀರಿ ಎಂದು ಬರೆದ ಇದಕ್ಕೆ ಸಹಿ ಮಾಡಿದರೆ ಸಾಮಾನು ಕೊಡುತ್ತೇನೆ ಎಂದ. ಅಕ್ಕ ಸಹಿ ಮಾಡಲಿಲ್ಲ. ನನ್ನ ಮನೆಗೆ ಬಂದು ಉಳಿದಳು. ಗಿರಾಕಿಗಳ ಬಟ್ಟೆಯೆಲ್ಲ ಆ ಬೀಗದ ಒಳಗಿತ್ತು. ಶ್ರಾವಣದ ಮದುವೆಗಳಿಗೆಂದು ಕೊಟ್ಟ ಬ್ಲೌಸುಗಳು. ಕೇಳಲು ಬಂದವರಿಗೆ ಅವಳು ಉತ್ತರ ಹೇಳುವುದನ್ನು ನಾನು ಒಳಗೆ ರೊಟ್ಟಿ ತಟ್ಟುತ್ತಾ ಕೇಳುತ್ತಿದ್ದೆ. ಮನೆ ಹೋದರೆ ಗಿರಾಕಿಗಳು ಹೋಗುತ್ತಾರೆ, ಗಿರಾಕಿಗಳು ಹೋದರೆ ಅವಳ ಅನ್ನ ಹೋಗುತ್ತದೆ.

ಕೋರ್ಟಿನ ಹತ್ತಿರ ಬಡವರಿಗೆ, ಹೆಂಗಸರಿಗೆ ದುಡ್ಡಿಲ್ಲದೆ ಸಲಹೆ ಕೊಡುತ್ತಾರೆ ಎಂದು ಒಬ್ಬ ಗಿರಾಕಿಯೇ ಹೇಳಿದರು. ಅಕ್ಕ ನನ್ನನ್ನೂ ಕರೆದುಕೊಂಡು ಹೋದಳು. ಹೊರಡುವಾಗ, ಯಾಕೋ ಏನೋ, ಬೀಗ ಸುತ್ತಿಟ್ಟ ಆ ಬಟ್ಟೆಯ ಗಂಟನ್ನು ಚೀಲಕ್ಕೆ ಹಾಕಿಕೊಂಡೆ. ಅಲ್ಲಿದ್ದ ವಕೀಲರು ನನ್ನ ವಯಸ್ಸಿನ ಹೆಂಗಸು.

"ಕರಾರು ಮುಗಿದು ಎಷ್ಟಾಯ್ತಮ್ಮ?"

"ಎಂಟು ವರ್ಷ ಆತು."

"ಆಮೇಲೆ ಬಾಡಿಗೆ ತಗಂಡಿದಾರಾ?"

"ತಿಂಗಳು ತಿಂಗಳು ತಗಂಡಾರೆ. ಫೋನಿನಾಗೆ ಹಾಕಿದ್ದು ಎಲ್ಲಾ ಐತೆ."

"ಹಂಗಾದ್ರೆ ನೀವು ಈಗಲೂ ಬಾಡಿಗೆದಾರರೇ. ಮನೆ ಬಿಡಿಸ್ಬೇಕು ಅಂದ್ರೆ ನೋಟಿಸ್ ಕೊಡ್ಬೇಕು, ಕೋರ್ಟಿಗೆ ಬರ್ಬೇಕು. ಬ್ರೋಕರ್ ಇರ್ಲಿ, ಮಾಲೀಕರೇ ಬಂದ್ರೂ ಹಿಂಗೆ ಬೀಗ ಜಡಿಯಂಗಿಲ್ಲ. ನೀವೂ ಹೋಗಿ ಬೀಗ ಒಡೀಬೇಡಿ." ಆಮೇಲೆ ಪೆನ್ನು ಹಿಡಿದು ಕೇಳಿದರು, "ಅವನು ಒಳಗೆ ಹೆಂಗೆ ಹೋದ? ಹಳೇ ಬೀಗ ಮುರಿದನಾ?"

"ಹೌದು, ಮುರಿದಾನೆ," ಎಂದಳು ಅಕ್ಕ. ನನ್ನ ಸುಳ್ಳನ್ನು ಅವಳು ನಿಜವೆಂದು ನಂಬಿ ಹೇಳುತ್ತಿದ್ದಳು. ವಕೀಲರು ಬರೆಯತೊಡಗಿದರು.

ನಾನು ಚೀಲದಿಂದ ಬೀಗ ತೆಗೆದು ಮೇಜಿನ ಮೇಲಿಟ್ಟೆ. ಅದಕ್ಕೆ ಒಂದು ಗೀರೂ ಇರಲಿಲ್ಲ. "ಮುರಿದಿಲ್ಲ ಮೇಡಂ. ನಾನೇ ತೆಗೆದುಕೊಟ್ಟೆ," ಎಂದೆ. ಹಾಲು ಉಕ್ಕಿಸಿದ್ದನ್ನು, ಬ್ರೋಕರ್ ಹೇಳಿದ್ದನ್ನು, ಫೋಟೊ ತೆಗೆದದ್ದನ್ನು, ನಾನು ಒಪ್ಪಿದ್ದನ್ನು ಹೇಳಿದೆ.

ಅಕ್ಕ ಬೀಗವನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದಳು.

"ಒಲೆ ನಂದು, ಗ್ಯಾಸ್ ನಂದು, ಮನೆ ನಂದು," ಎಂದಳು. "ನಾನು ಮಾತ್ರ ಬ್ಯಾಡ ಆದೆ, ಅಲ್ವೇನೆ?"

ಅವಳು ಹೊಡೆದಿದ್ದರೆ ಚೆನ್ನಾಗಿತ್ತು. ವಕೀಲರು ನನ್ನನ್ನು ಬೈಯಲಿಲ್ಲ, ನೀತಿ ಹೇಳಲಿಲ್ಲ. ಬರೆದ ಹಾಳೆಯನ್ನು ಹರಿದು ಹೊಸದೊಂದು ತೆಗೆದುಕೊಂಡರು. "ಈಗ ಹೇಳಿದ್ದು ಒಳ್ಳೇದಾಯ್ತು. ಮುರಿದ ಅಂತ ಬರೆದಿದ್ರೆ, ನಾಳೆ ಅವನು ನೀವು ಒಲೆ ಹಚ್ಚೋ ಫೋಟೊ ತೋರಿಸ್ತಿದ್ದ. ದೂರೇ ಸುಳ್ಳು ಅನ್ನೋರು. ಹಾಲು ಉಕ್ಕಿಸಿದ ಆ ಹುಡುಗಿ ಎಲ್ಲಿಯವಳು?" ಆ ವಕೀಲರಿಗೆ ನಾನು ಇವತ್ತಿಗೂ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ.

ಹೊರಗೆ ಬಂದ ಅಕ್ಕ ಒಂದೇ ಮಾತು ಆಡಿದಳು: "ನಡಿ, ತುರುವನೂರಿಗೆ ಹೋಗಾಣ."

ಬಸ್ಸಿನಲ್ಲಿ ಅಕ್ಕಪಕ್ಕವೇ ಕೂತೆವು. ಅವಳು ಕಿಟಕಿ ಕಡೆ ತಿರುಗಿದ್ದವಳು ಇತ್ತ ತಿರುಗಲಿಲ್ಲ. ಆದರೆ ಕಂಡಕ್ಟರ್ ಬಂದಾಗ ಎರಡು ಟಿಕೆಟ್ ಕೇಳಿದಳು.

ಆ ಹೆಣ್ಣುಮಗಳು ನನ್ನ ಗುರುತು ಹಿಡಿದಳು. "ಹೂವಿನ ಅಕ್ಕ ಅಲ್ವಾ? ಬರ್ರಿ, ಕುಂತ್ಕಳ್ರಿ."

"ಇವಳು ತಂಗಿ ಕಣವ್ವ. ಅಕ್ಕ ನಾನು. ನೀನು ಕೇಳಿದ ಮಿಷನ್ ನಂದು," ಎಂದಳು ಅಕ್ಕ.

ವಿಷಯ ಕೇಳಿ ಆ ಹೆಣ್ಣುಮಗಳು ಎದ್ದು ನಿಂತಳು. "ಅಯ್ಯೋ ಅಕ್ಕ, ಡಬ್ಬಿ ತುಂಬ ಅಕ್ಕಿ ಐತಲ್ಲ, ಇದ್ಹೆಂಗೆ ಖಾಲಿ ಮನೆ ಅಂತ ನಮ್ಮನೆಯವರನ್ನ ಅವತ್ತೇ ಕೇಳಿದ್ದೆ ನಾನು." ಫೋನ್ ತೆಗೆದು ತೋರಿಸಿದಳು. ಅವಳ ಗಂಡ ತೆಗೆದ ಫೋಟೊಗಳಲ್ಲಿ ಒಲೆಯ ಹಿಂದೆ ಅಕ್ಕನ ಡಬ್ಬಿಗಳು, ಮಿಷನ್, ಹ್ಯಾಂಗರಿಗೆ ಹಾಕಿದ ಬ್ಲೌಸುಗಳು ಎಲ್ಲ ಇದ್ದವು. ಅಕ್ಕ ಮನೆ ಬಿಟ್ಟಿರಲಿಲ್ಲ ಎನ್ನಲು ಇನ್ನೇನು ಬೇಕು? "ಎಲ್ಲಿಗೆ ಕರೆದ್ರೂ ಬಂದು ಹೇಳ್ತೀನಿ. ಒಬ್ಬರು ಬದುಕ್ತಿರೋ ಮನೆ ನಮಗೆ ಬ್ಯಾಡ," ಎಂದಳು. ಹೊರಡುವಾಗ ಕುಂಕುಮದ ಬಟ್ಟಲು ತಂದಳು. ನನಗೆ ಹಚ್ಚಿದಳು. ಏನೂ ಯೋಚಿಸದೆ ಅಕ್ಕನ ಹಣೆಗೂ ಹಚ್ಚಿದಳು. ಅಕ್ಕ ಬೇಡ ಎನ್ನಲಿಲ್ಲ. ನನಗಿಂತ ಎಷ್ಟೋ ಚಿಕ್ಕವಳಾದ ಅವಳಿಗೆ ಸಹಜವಾಗಿ ಬಂದದ್ದು ನನಗೆ ಬಂದಿರಲಿಲ್ಲ.

ವಕೀಲರು ಮಾಲೀಕರಿಗೂ ಬ್ರೋಕರ್‌ಗೂ ಪತ್ರ ಕಳಿಸಿದರು. ಪೊಲೀಸ್ ಠಾಣೆಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆದುಕೊಟ್ಟೆವು, ನನ್ನ ತಪ್ಪನ್ನೂ ಸೇರಿಸಿ. ಅಕ್ಕ ತಾನಾಗಿಯೇ ಮನೆ ಬಿಟ್ಟಳು ಎಂದು ಮಾಲೀಕರಿಗೆ ಬ್ರೋಕರ್ ಹೇಳಿದ್ದನಂತೆ. ಆ ಹಿರಿಯರು ಮಾಡದಕೆರೆಯಿಂದ ಬಸ್ಸು ಹತ್ತಿ ತಾವೇ ಬಂದರು. ಅವರ ಎದುರಿಗೇ ಬ್ರೋಕರ್ ಬೀಗ ತೆಗೆದ.

"ಏನೋ ತಪ್ಪು ತಿಳುವಳಿಕೆ ಆತು, ಬಿಡ್ರಿ ಅಕ್ಕಾರೆ."

"ಬೀಗ ತಪ್ಪು ತಿಳ್ಕಂಡು ತಾನೇ ಬಂದು ಬಾಗಿಲಿಗೆ ಬಿತ್ತೇನಪ್ಪ?" ಎಂದಳು ಅಕ್ಕ.

ಮಾಲೀಕರು ನಕ್ಕುಬಿಟ್ಟರು. "ಇನ್ನು ಮುಂದೆ ಬಾಡಿಗೆ ನನಗೇ ಹಾಕವ್ವ. ಇವನ ಸಾವಾಸ ಸಾಕು," ಎಂದರು. ಬಾಡಿಗೆ ಕೊಟ್ಟಿದ್ದಕ್ಕೆ ಅಂದಿನಿಂದ ಅವರೇ ರಸೀದಿ ಕಳಿಸುತ್ತಾರೆ.

ಆ ಮಧ್ಯಾಹ್ನವೇ ಅಕ್ಕ ಮಿಷನ್ ಒರೆಸಿ ಕೂತಳು. ನಾನು ಹೊರಡಲೋ ಇರಲೋ ತಿಳಿಯದೆ ಹೊಸ್ತಿಲಲ್ಲಿ ನಿಂತಿದ್ದೆ.

"ನಿಂತ್ಕಂಡು ಏನ್ ನೋಡ್ತೀಯ? ನಿನ್ನ ದೆಸೆಯಿಂದ ಇಷ್ಟು ಬ್ಲೌಸ್ ನಿಂತವೆ. ಕುಂತ್ಕ, ಹುಕ್ ಹಾಕು."

"ನನ್ನ ಹೊಲಿಗೆ ನೆಟ್ಟಗಿಲ್ಲ ಕಣಕ್ಕ."

"ಗೊತ್ತೈತೆ. ಬಿಚ್ಚಿಸಿ ಮತ್ತೆ ಹಾಕಿಸ್ತೀನಿ."

ಹಾಗೆ ಹುಕ್ಕು ಹಾಕುತ್ತಾ ಕೂತಿದ್ದಾಗ ಪಕ್ಕದ ಮನೆಯವರು ಬಟ್ಟೆ ಕೇಳಲು ಬಂದರು. ಬಾಗಿಲನ್ನು ಮೇಲೆ ಕೆಳಗೆ ನೋಡಿ, "ಅಂತೂ ಬೀಗ ಮುರಿದು ಒಳಗೆ ನುಗ್ಗಿದನಂತಲ್ಲ ಆ ಬ್ರೋಕರ್?" ಎಂದರು. ಅಕ್ಕ ಮಿಷನ್ ತುಳಿಯುತ್ತಿದ್ದಳು.

"ಮುರಿದಿಲ್ಲ. ನಾನೇ ತೆಗೆದುಕೊಟ್ಟಿದ್ದು," ಎಂದೆ.

ಅವರು ಬೆರಗಾಗಿ ನನ್ನತ್ತ ತಿರುಗಿ ಇನ್ನೇನೋ ಕೇಳಲು ಬಾಯಿ ತೆರೆದರು. ಅಷ್ಟರಲ್ಲಿ ಅಕ್ಕ ಮಿಷನ್ ನಿಲ್ಲಿಸಿ, ಕೊರಳಲ್ಲಿದ್ದ ಟೇಪು ತೆಗೆದಳು. "ಅದೆಲ್ಲ ಇರ್ಲಿ ಬಿಡ್ರಿ. ಕೈ ಎತ್ತಿ ನಿಂತ್ಕಳ್ರಿ, ತೋಳು ಸ್ವಲ್ಪ ಬಿಗಿ ಅಂದಿದ್ರಲ್ಲ, ಅಳತೆ ನೋಡಾಣ."