ಸೊಂಟದೆತ್ತರ ಕಡಿದ ಮರಗಳು

ಅತ್ತಿಗೆ ತೀರಿಕೊಂಡು ಒಂದು ತಿಂಗಳಾಯಿತು. ಅಣ್ಣ ಸತ್ತದ್ದು ಹೇಗೆಂದು ಅವಳಿರುವವರೆಗೆ ನಾನು ಬರೆಯಲು ಹೋಗಲಿಲ್ಲ. ಅವನನ್ನು ಕೊಂದ ಕಲ್ಲು ನಮ್ಮ ಕಡೆಯಿಂದ ಹೋಗಿತ್ತು. ನಮ್ಮ ಕಡೆ ಎಂದರೆ ನಾನೂ ಇದ್ದ ಕಡೆ.

ನಮ್ಮೂರು ಡೋಣಿಯ ಮೇಲಿನ ಗುಡ್ಡದಲ್ಲಿ ಅಣ್ಣ ಸರಕಾರದ ಅಡವಿ ಕಾಯುತ್ತಿದ್ದ. ಅಲ್ಲಿ ಯಾರೂ ಸಸಿ ನೆಡುತ್ತಿರಲಿಲ್ಲ. ಒಂದು ವರ್ಷ ಒಂದು ಮಗ್ಗಲು ಕಡಿಯುವುದು, ಆಮೇಲೆ ಅಲ್ಲಿಗೆ ಆಡು ಬಿಡದೆ ವರ್ಷಗಟ್ಟಲೆ ಮುಚ್ಚುವುದು. ಕಡಿದ ಬೊಡ್ಡೆಯಿಂದಲೇ ಅಡವಿ ಮತ್ತೆ ಎದ್ದು ಬರುತ್ತಿತ್ತು. ದಿಂಡಲ, ತುಗ್ಗಲಿ, ಬೇವು ಎಲ್ಲ ಕಲೆತು, ಒಂದು ಕಡೆ ಮೊಣಕಾಲುದ್ದ, ಇನ್ನೊಂದು ಕಡೆ ಆಳುದ್ದ, ನಡುನಡುವೆ ಬೀಜಕ್ಕೆಂದು ಬಿಟ್ಟ ಮುದಿ ಮರಗಳು. ಕಡಿಯುವವರಿಗೆ ಅಣ್ಣನದು ಒಂದೇ ಮಾತು: ಕೊಡಲಿ ಪಾದದ ಗಂಟಿನ ಮಟ್ಟಕ್ಕೆ ಬೀಳಬೇಕು, ಮಳೆನೀರು ನಿಲ್ಲದ ಹಾಗೆ ಓರೆಯಾಗಿ. ಎತ್ತರದಲ್ಲಿ ಕಡಿದರೆ ಚಿಗುರೂ ಎತ್ತರದಲ್ಲಿ ಮೂಡುತ್ತದೆ, ಗಾಳಿಗೆ ತೊಗಟೆ ಸಮೇತ ಕಿತ್ತು ಹೋಗುತ್ತದೆ.

ಸ್ವಾತಂತ್ರ್ಯ ಬಂದ ವರ್ಷ, ಹಳೆಯ ಸರಕಾರ ಹೋಯಿತು, ಇನ್ನು ಅಡವಿ ನಮ್ಮದೇ ಎಂಬ ಸುದ್ದಿ ಹಬ್ಬಿತು. ಒಂದು ಮುಂಜಾನೆ ನಾವು ಬಂಡಿ ಹೂಡಿಕೊಂಡು ಗುಡ್ಡ ಏರಿದೆವು. ಮುಚ್ಚಿದ ಮಗ್ಗಲಿನ ದಾರಿಗೆ ಅಣ್ಣ ಅಡ್ಡ ನಿಂತಿದ್ದ.

“ಲೇ, ನಿನ್ನ ಸಾಹೇಬ ಹಡಗ ಹತ್ತ್ಯಾನ. ನೀ ಇನ್ನೂ ಯಾರ ಗಿಡಾ ಕಾಯಾಕತ್ತೀದಿ?” ಎಂದ ಬಂಡಿಯ ಮೇಲಿದ್ದವನೊಬ್ಬ.

“ನಿಮ್ಮವ ಕಾಯಾಕತ್ತೀನಿ,” ಎಂದ ಅಣ್ಣ. “ಕಡೀಬೇಕಂದ್ರ ಆಚಿ ಮಗ್ಗಲಾ ಕಡೀರಿ. ಇದು ಇನ್ನೂ ಹಸಗೂಸು ಐತಿ.”

“ಹಸಗೂಸಿಗೆ ಹಾಲ ಕುಡಸ್ ಹೋಗ!”

ಎಲ್ಲರೂ ನಕ್ಕರು. ನಾನೂ ನಕ್ಕೆ. ಅಣ್ಣ ಎತ್ತಿನ ಮೂಗುದಾರ ಹಿಡಿದು ಬಂಡಿ ತಿರುಗಿಸಲು ಹೋದ. ಬಾರುಕೋಲು ಅವನ ಮುಖಕ್ಕೆ ಬಿತ್ತು. ಅವನು ಕೈ ಬಿಡಲಿಲ್ಲ. ಆಗ ಕಲ್ಲು ಹೊರಟವು. ನಾನೂ ಒಂದು ಒಗೆದೆ, ಹೆದರಿಸಲಿಕ್ಕೆ ಎಂದುಕೊಂಡು. ಉಳಿದವರೂ ಹಾಗೆಯೇ ಅಂದುಕೊಂಡಿದ್ದರೇನೋ. ಒಂದು ಕಲ್ಲು ಕಿವಿಯ ಮೇಲೆ ಬಡಿದು ಅಣ್ಣ ಮಗ್ಗಲಾಗಿ ಬಿದ್ದ. ಆ ಕೆಂಪು ಮಣ್ಣಿನಲ್ಲಿ ರಕ್ತ ಬೇರೆಯಾಗಿ ಕಾಣಲಿಲ್ಲ.

ಅವನಿಗಾಗಿ ಯಾರೂ ನಿಲ್ಲಲಿಲ್ಲ, ಬಂಡಿ ಮುಂದೆ ಹೊಡೆದರು. ಅವನನ್ನು ನೆರಳಿಗೆ ಎಳೆದು ಹಾಕಿ ನಾನೂ ಕಡಿಯತೊಡಗಿದೆ. ಬಗ್ಗಿ ಕಡಿಯುವ ತಾಳ್ಮೆ ಯಾರಿಗಿತ್ತು? ನಿಂತ ನಿಲುವಿನಲ್ಲೇ, ಸೊಂಟದ ಎತ್ತರಕ್ಕೆ ಹೊಡೆದೆವು. ತೋಳುಗಾತ್ರದ ಮರಗಳು ಸೀಳಿ ಬಿದ್ದವು. ಸಂಜೆ ಅದೇ ಹಸಿ ಕಟ್ಟಿಗೆಯ ಬಂಡಿಯ ಮೇಲೆ ಅಣ್ಣನನ್ನು ಮನೆಗೆ ತಂದೆವು. ಎಂಟನೆಯ ದಿನ ಸತ್ತ. ವಿಚಾರಿಸಲು ಬಂದವರಿಗೆ “ಜಾರಿ ಬಿದ್ದೆ” ಎಂದಷ್ಟೇ ಹೇಳಿದ್ದ.

ಬೊಡ್ಡೆಗಳು ನೆತ್ತಿಯಲ್ಲಿ ಚಿಗುರಿದವು, ಆ ಚಿಗುರು ಆಷಾಢದ ಗಾಳಿಗೆ ಹರಿದು ಬಿತ್ತು. ಬುಡದಲ್ಲಿ ಬಂದದ್ದನ್ನು ಆಡು ತಿಂದವು. ಅತ್ತಿಗೆ ಕವಣೆ ಹಿಡಿದು ಆಡು ಓಡಿಸಲು ಗುಡ್ಡಕ್ಕೆ ಹೋಗತೊಡಗಿದಳು. ನನ್ನ ಕೂಡ ಮಾತು ಬಿಟ್ಟಳು.

ಕನ್ನಡ ನಾಡು ಒಂದಾದ ವರ್ಷ, ಊರವರೆಲ್ಲ ಮೆರವಣಿಗೆ ನೋಡಲು ಗದಗಿಗೆ ಹೋದ ದಿನ, ನಾನು ಕೊಡಲಿ ಹಿಡಿದು ಆ ಮಗ್ಗಲಿಗೆ ಹೋದೆ. ಬೇರು ಹಸಿಯಿದ್ದ ಬೊಡ್ಡೆಗಳನ್ನು ಕೆಳಗೆ, ಓರೆಯಾಗಿ ಕಡಿದರೆ ಹೊಸದಾಗಿ ಚಿಗುರಬಹುದೆಂಬ ಆಸೆ. ಕೊಡಲಿ ಎತ್ತುವಷ್ಟರಲ್ಲಿ ಕವಣೆಕಲ್ಲು ಮೊಣಕೈಗೆ ಬಡಿದು ಕೊಡಲಿ ಹಾರಿತು. ಕಾರೆಕಂಟಿಯ ಹಿಂದೆ ಅತ್ತಿಗೆ ನಿಂತಿದ್ದಳು.

“ಉಳದದ್ದನ್ನೂ ಕಡ್ಯಾಕ ಬಂದ್ಯಾ?”

“ಕೆಳಗ ಕಡ್ಯಾಕ ಬಂದೀನಿ, ಅತ್ತಿಗಿ. ಅಣ್ಣ ಹೇಳಿದಂಗ.”

“ಅವತ್ತ ಕಲ್ಲು ಯಾರ ಒಗದ್ರು?”

ಅಷ್ಟು ವರ್ಷ ಅವಳು ಇದನ್ನು ಕೇಳಿರಲಿಲ್ಲ.

“ನಾನೂ ಒಗದೀನಿ. ಬಡದದ್ದು ಯಾರ್ದು, ಗೊತ್ತಿಲ್ಲ.”

ಅವಳು ಕವಣೆಗೆ ಇನ್ನೊಂದು ಕಲ್ಲು ಇಟ್ಟು ಬೀಸಿದಳು. ಅದು ಪಕ್ಕೆಗೆ ಬಿತ್ತು. ಉಸಿರು ಕಟ್ಟಿ ಕುಸಿದೆ. ಅವಳು ಹತ್ತಿರ ಬಂದು ಕೊಡಲಿ ಎತ್ತಿಕೊಂಡಳು. ಅದನ್ನು ಏನು ಮಾಡುತ್ತಾಳೋ ಎಂದು ಒಂದು ಗಳಿಗೆ ತಿಳಿಯಲಿಲ್ಲ. ನನ್ನ ಮುಂದೆ ಒಗೆದಳು.

“ಕಡಿ. ನಾ ನೋಡ್ಕೋತ ಕುಂಡ್ರತೀನಿ. ಎತ್ತರ ಕಡದಿ ಅಂದ್ರ ಈ ಸಲ ತಲೀಗೇ ಬೀಸ್ತೀನಿ.”

ಮೊಣಕಾಲೂರಿ ಕಡಿದೆ. ಒಂದೊಂದು ಪೆಟ್ಟಿಗೂ ಪಕ್ಕೆ ಚುಚ್ಚುತ್ತಿತ್ತು. ಆ ದಿನ ಏಳು ಬೊಡ್ಡೆಯಾದವು. ಮುಂದಿನ ಮಳೆಗೆ ನಾಲ್ಕು ಚಿಗುರಿದವು. ಈಗ ಅವು ಮನೆಯ ಕಂಬಕ್ಕೆ ಆಗುವಷ್ಟು ದಪ್ಪ ಇವೆ. ಅತ್ತಿಗೆ ಬದುಕಿದ್ದಷ್ಟು ದಿನವೂ ನನಗೆ ಚಿಗುರದ ಮೂರನ್ನೇ ತೋರಿಸುತ್ತಿದ್ದಳು.